ಹೇಳಿದ್ದೊಂದು, ದಾಖಲೆಯಲ್ಲಿದ್ದದ್ದೊಂದು: ನಿವೇಶನ ಖರೀದಿ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಕ್ರಯದ ಕರಾರಿನ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆಬೇರೆ ಮಾತುಗಳಲ್ಲಿ ಹೇಳಿಕೊಂಡಿವೆ. ಮಾರುವಾಗ ಹೇಳಿದ್ದು ಒಂದು, ನೋಂದಣಿಯಾದ ಮೇಲೆ ಗೊತ್ತಾದದ್ದು ಇನ್ನೊಂದು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರನ್ನೂ ಎದುರು ಪಕ್ಷದವರ ಗುರುತನ್ನೂ ಬಿಟ್ಟು, ಸಂಗತಿಗಳನ್ನು ಸಂಕ್ಷೇಪಿಸಿಕೊಂಡಿದ್ದೇನೆ.

ಪ್ರಶ್ನೆ: 2022ರಲ್ಲಿ ಉತ್ತರಹಳ್ಳಿಯ ಆಚೆ 30×40 ಅಡಿಯ ನಿವೇಶನವೊಂದನ್ನು ಕೊಂಡೆ. ಎ-ಖಾತೆಯ (ಪಾಲಿಕೆಯ ಲೆಕ್ಕದಲ್ಲಿ ಕ್ರಮಬದ್ಧವಾದ) ಸ್ವತ್ತು ಎಂದು ಮಾರಿದವರು ಬಾಯಲ್ಲಿ ಹೇಳಿದ್ದಲ್ಲದೆ ಖಾತಾ ಪ್ರಮಾಣಪತ್ರದ ಜೆರಾಕ್ಸ್ ಪ್ರತಿಯನ್ನೂ ಕೊಟ್ಟಿದ್ದರು. ಈ ವರ್ಷ ಇ-ಖಾತೆಗೆ ಅರ್ಜಿ ಹಾಕಿದಾಗ ಸ್ವತ್ತು ಬಿ ರಿಜಿಸ್ಟರಿನಲ್ಲಿ, ಅಂದರೆ ಕ್ರಮಬದ್ಧವಲ್ಲದ ಸ್ವತ್ತುಗಳ ಪಟ್ಟಿಯಲ್ಲಿ, ಇದೆ ಎಂದು ತಿಳಿಯಿತು. ನನಗೆ ಕೊಟ್ಟಿದ್ದು ತಿದ್ದಿದ ಪ್ರತಿ. ಕೇಳಿದರೆ, ‘ಪಾಲಿಕೆ ಕಚೇರಿಗೆ ಹೋಗಿ ನೀವೇ ವಿಚಾರಿಸಬಹುದಿತ್ತಲ್ಲ, ಕಣ್ಣು ಮುಚ್ಚಿ ಸಹಿ ಹಾಕಿದ್ದು ನಿಮ್ಮ ತಪ್ಪು’ ಎನ್ನುತ್ತಾರೆ. ಕ್ರಯಪತ್ರವನ್ನು ರದ್ದು ಮಾಡಿಸಿ ಹಣ ಹಿಂದಕ್ಕೆ ಪಡೆಯಬಹುದೇ? — ರಾಜಾಜಿನಗರದ ಓದುಗರು

ಉತ್ತರ: ಪಡೆಯಲು ಅವಕಾಶವಿದೆ. ಆದರೆ ಮಾರಿದವರು ಎತ್ತಿರುವ ಆಕ್ಷೇಪ ಕೇವಲ ದಬಾಯಿಸುವ ಮಾತಲ್ಲ, ಅದಕ್ಕೆ ಕಾನೂನಿನಲ್ಲಿ ಒಂದು ಬೇರು ಇದೆ. ಆ ಬೇರು ನಿಮ್ಮ ಪ್ರಕರಣದವರೆಗೆ ಚಾಚುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

1872ರ ಭಾರತೀಯ ಕರಾರು ಕಾಯ್ದೆಯು ಸುಳ್ಳನ್ನು ಎರಡು ಬಗೆಯಾಗಿ ನೋಡುತ್ತದೆ. ಹೇಳುವವನಿಗೇ ನಂಬಿಕೆಯಿಲ್ಲದ ಸಂಗತಿಯನ್ನು ನಿಜವೆಂದು ಹೇಳಿ, ಮೋಸಗೊಳಿಸುವ ಉದ್ದೇಶದಿಂದ ಎದುರಿನವರ ಒಪ್ಪಿಗೆ ಪಡೆದರೆ ಅದು 17ನೇ ಕಲಮಿನ ವಂಚನೆ. ಹೇಳುವವನು ತಾನೂ ನಿಜವೆಂದೇ ನಂಬಿ, ಆದರೆ ಹಾಗೆ ಹೇಳಲು ತಕ್ಕ ಆಧಾರವಿಲ್ಲದೆ ಹೇಳಿದ್ದು ಸುಳ್ಳೆಂದು ಕಂಡುಬಂದರೆ ಅದು 18ನೇ ಕಲಮಿನ ತಪ್ಪು ನಿರೂಪಣೆ. ವಕೀಲರ ಬಾಯಲ್ಲಿ ಮಿಸ್‌ರೆಪ್ರೆಸೆಂಟೇಷನ್. ಎರಡರಲ್ಲೂ, ಒಪ್ಪಿಗೆ ಆ ಮಾತಿನಿಂದಲೇ ಹುಟ್ಟಿದ್ದಾದರೆ, ಮೋಸಹೋದವರ ಇಚ್ಛೆಯಂತೆ ಕರಾರು ರದ್ದಾಗಬಲ್ಲದು ಎಂದು 19ನೇ ಕಲಂ ಹೇಳುತ್ತದೆ. ಆದರೆ ಅದೇ ಕಲಮಿಗೆ ಒಂದು ವಿನಾಯಿತಿ ಅಂಟಿಕೊಂಡಿದೆ: ಒಪ್ಪಿಗೆಯು ತಪ್ಪು ನಿರೂಪಣೆಯಿಂದಲೋ, ವಂಚನೆಯೆನಿಸುವ ಮೌನದಿಂದಲೋ ಬಂದದ್ದಾದರೆ, ಸಾಧಾರಣ ಎಚ್ಚರಿಕೆಯಿಂದ ಸತ್ಯವನ್ನು ಕಂಡುಕೊಳ್ಳುವ ಸಾಧನ ನಿಮ್ಮ ಕೈಯಲ್ಲಿದ್ದ ಪಕ್ಷದಲ್ಲಿ ಕರಾರನ್ನು ರದ್ದುಪಡಿಸಲಾಗದು. ‘ಪಾಲಿಕೆಗೆ ಹೋಗಿ ವಿಚಾರಿಸಬಹುದಿತ್ತಲ್ಲ’ ಎಂಬ ಮಾತಿನ ಹಿಂದಿರುವುದು ಈ ವಿನಾಯಿತಿಯೇ.

ಈ ವಿಷಯದಲ್ಲಿ ನಮ್ಮ ಕಾಯ್ದೆ ಇಂಗ್ಲೆಂಡಿನ ದಾರಿಯಲ್ಲಿ ಹೋಗಿಲ್ಲ. ಅಲ್ಲಿ 1881ರಲ್ಲಿ ತೀರ್ಮಾನವಾದ ರೆಡ್‌ಗ್ರೇವ್ ವಿರುದ್ಧ ಹರ್ಡ್ ಮೊಕದ್ದಮೆಯಲ್ಲಿ, ವಕೀಲರೊಬ್ಬರು ತಮ್ಮ ಕಚೇರಿಯ ವರಮಾನವನ್ನು ಹೆಚ್ಚಿಸಿ ಹೇಳಿ ಮನೆಯನ್ನು ಮಾರಲು ಕರಾರು ಮಾಡಿಕೊಂಡಿದ್ದರು. ಲೆಕ್ಕದ ಕಾಗದಗಳನ್ನು ಮುಂದಿಟ್ಟಿದ್ದರೂ ಕೊಳ್ಳುವವರು ಅವನ್ನು ಪರೀಕ್ಷಿಸಿರಲಿಲ್ಲ. ನೋಡುವ ಅವಕಾಶವಿತ್ತು ಎಂಬ ಕಾರಣಕ್ಕೆ ತಪ್ಪು ಹೇಳಿದವರು ಪಾರಾಗಲಾರರು ಎಂದು ಅಲ್ಲಿನ ನ್ಯಾಯಾಲಯ ಹೇಳಿತು. ನಮ್ಮ ಕಾಯ್ದೆ ಅದಕ್ಕೂ 9 ವರ್ಷ ಮೊದಲೇ ಬೇರೆ ನಿಯಮವನ್ನು ಬರೆದಿಟ್ಟಿತ್ತು.

ಆದರೆ ವಿನಾಯಿತಿಯನ್ನು ಇನ್ನೊಮ್ಮೆ ಓದಿ. ಅದು ಹೇಳುವುದು ತಪ್ಪು ನಿರೂಪಣೆಯನ್ನು ಮತ್ತು ವಂಚನೆಯ ಮೌನವನ್ನು ಮಾತ್ರ. ಗೊತ್ತಿದ್ದೂ ಎದುರಿಗೆ ನಿಂತು ಹೇಳಿದ ಸುಳ್ಳು ಅದರ ಒಳಗೆ ಬರುವುದಿಲ್ಲ. ಮೂಲ ಇಂಗ್ಲಿಷ್ ವಾಕ್ಯದಲ್ಲಿ ‘ವಂಚನೆಯ’ ಎಂಬ ವಿಶೇಷಣ ಮೌನಕ್ಕೆ ಅಂಟಿದೆಯೋ ಎರಡಕ್ಕೂ ಅಂಟಿದೆಯೋ ಎಂಬ ಒಂದು ಅಲ್ಪವಿರಾಮದ ಚರ್ಚೆಯಲ್ಲಿ ವಕೀಲರು ದಿನಗಟ್ಟಲೆ ಕಳೆದದ್ದುಂಟು. ನಮ್ಮ ವೃತ್ತಿಯ ಈ ಹವ್ಯಾಸವನ್ನು ಓದುಗರು ಕ್ಷಮಿಸಬೇಕು, ಆದರೆ ಕೆಲವೊಮ್ಮೆ ಒಂದು ನಿವೇಶನದ ಬೆಲೆ ಆ ಅಲ್ಪವಿರಾಮದ ಮೇಲೆ ನಿಂತಿರುತ್ತದೆ. ನಿಮಗೆ ತಿದ್ದಿದ ಪ್ರತಿಯನ್ನು ಕೊಟ್ಟಿದ್ದಾರೆ. ಅದು ತಿದ್ದಿದ್ದೆಂದು ಮಾರಿದವರಿಗೆ ಗೊತ್ತಿತ್ತು ಎಂಬುದನ್ನು ನೀವು ತೋರಿಸಿದರೆ, ‘ವಿಚಾರಿಸಬಹುದಿತ್ತಲ್ಲ’ ಎಂಬ ಉತ್ತರ ಅವರಿಗೆ ಉಳಿಯುವುದಿಲ್ಲ. ಅವರೂ ಹಿಂದಿನ ಮಾಲೀಕರಿಂದ ಮೋಸಹೋಗಿ ಅದೇ ಜೆರಾಕ್ಸನ್ನು ನಿಮಗೆ ದಾಟಿಸಿದ್ದರೆ ಅದು ಬರೀ ತಪ್ಪು ನಿರೂಪಣೆಯಾಗುತ್ತದೆ, ಆಗ ಅವರ ಆಕ್ಷೇಪಕ್ಕೆ ತೂಕ ಬರುತ್ತದೆ. ಆದ್ದರಿಂದ ಇಡೀ ದಾವೆ ನಿಲ್ಲುವುದು ‘ಅವರಿಗೆ ಏನು ಗೊತ್ತಿತ್ತು’ ಎಂಬ ಒಂದು ಪ್ರಶ್ನೆಯ ಮೇಲೆ. ಅವರ ಹೆಸರಿನ ಖಾತೆಯ ಮೂಲಕಡತವನ್ನು ಪಾಲಿಕೆಯಿಂದ ಮಾಹಿತಿ ಹಕ್ಕಿನಡಿ ಪಡೆಯುವುದು ನಿಮ್ಮ ಮೊದಲ ಕೆಲಸವಾಗಲಿ.

ಇನ್ನೊಂದು ಮಾತು. ಖಾತೆ ಎಂಬುದು ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಬಿ-ಖಾತೆಯ ಸ್ವತ್ತನ್ನು ಮಾರಿದವರಿಗೆ ಅದರ ಮೇಲೆ ಪೂರ್ಣ ಹಕ್ಕು ಇದ್ದಿರಬಹುದು. ಹೀಗಾಗಿ ‘ಹಕ್ಕಿನಲ್ಲಿ ದೋಷವಿದೆ’ ಎಂದು ದಾವೆ ಹೂಡಿದರೆ ಅದು ಸೋಲುವ ಸಂಭವವೇ ಹೆಚ್ಚು. ನಿಮ್ಮ ಬಲವಿರುವುದು, ಎ-ಖಾತೆ ಎಂಬ ಮಾತಿನಿಂದಲೇ ನೀವು ಆ ಬೆಲೆಗೆ ಕೊಂಡಿರಿ ಎಂಬುದರಲ್ಲಿ.

ಈಗ ಆಯ್ಕೆಯ ವಿಚಾರ. ರದ್ದುಪಡಿಸುವುದಾದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಮಿನಡಿ ಕ್ರಯಪತ್ರವನ್ನು ರದ್ದುಗೊಳಿಸುವಂತೆ ದಾವೆ ಹೂಡಬೇಕು. ನೀವು ನಿವೇಶನವನ್ನು ಹಿಂದಿರುಗಿಸಬೇಕು, ಅವರು ಹಣವನ್ನು ಹಿಂದಿರುಗಿಸಬೇಕು. ನಿಮಗಾದ ನಷ್ಟಕ್ಕೆ ಕರಾರು ಕಾಯ್ದೆಯ 75ನೇ ಕಲಮಿನಡಿ ಪರಿಹಾರವನ್ನೂ ಕೇಳಬಹುದು. ರದ್ದು ಬೇಡ, ನಿವೇಶನ ಇರಲಿ ಎಂದರೆ 19ನೇ ಕಲಮಿನ ಎರಡನೇ ಭಾಗ ಇನ್ನೊಂದು ಬಾಗಿಲನ್ನು ತೆರೆಯುತ್ತದೆ: ಹೇಳಿದ ಮಾತು ನಿಜವಾಗಿದ್ದಿದ್ದರೆ ನೀವು ಯಾವ ಸ್ಥಿತಿಯಲ್ಲಿ ಇರುತ್ತಿದ್ದಿರೋ ಆ ಸ್ಥಿತಿಗೆ ನಿಮ್ಮನ್ನು ತರುವಂತೆ ಒತ್ತಾಯಿಸಬಹುದು. ಬಿ-ಖಾತೆಯನ್ನು ಎ-ಖಾತೆಯಾಗಿ ಬದಲಿಸಿಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿದೆ. ನಿಮ್ಮ ನಿವೇಶನ ಅದರ ವ್ಯಾಪ್ತಿಗೆ ಬರುವುದಾದರೆ, ಬದಲಾವಣೆಗೆ ನೀವು ಕಟ್ಟಬೇಕಾದ ಶುಲ್ಕವೇ ನಿಮ್ಮ ನಷ್ಟದ ಒಂದು ಒಳ್ಳೆಯ ಅಳತೆಗೋಲು. ನನ್ನನ್ನು ಕೇಳಿದರೆ, ಬೆಲೆ ಏರಿರುವ ಪ್ರದೇಶದಲ್ಲಿ ನಿವೇಶನವನ್ನು ಮರಳಿಸಿ 2022ರ ಹಣವನ್ನು ಪಡೆಯುವುದಕ್ಕಿಂತ ಈ ಎರಡನೆಯ ದಾರಿ ಲೇಸು.

ಯಾವುದನ್ನು ಆರಿಸಿದರೂ ಎರಡು ಎಚ್ಚರಿಕೆಗಳು. ದಾಖಲೆಯನ್ನು ರದ್ದುಪಡಿಸುವ ದಾವೆಗೆ, ವಿಷಯ ತಿಳಿದ ದಿನದಿಂದ 3 ವರ್ಷದ ಗಡುವಿದೆ. ಇದು 1963ರ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದ. ಅದಕ್ಕೂ ಮೊದಲೇ ನಿಮ್ಮ ಕೈಗೆ ಬಂದ ಯಾವುದಾದರೂ ಪಾಲಿಕೆಯ ಕಾಗದದಲ್ಲಿ ‘ಬಿ’ ಎಂಬ ನಮೂದಿದ್ದರೆ ಎದುರು ಪಕ್ಷದವರು ಗಡುವನ್ನು ಆ ದಿನದಿಂದಲೇ ಎಣಿಸುತ್ತಾರೆ. ಎರಡನೆಯದಾಗಿ, ವಿಷಯ ತಿಳಿದ ಮೇಲೆ ಆ ನಿವೇಶನದಲ್ಲಿ ಪಾಯ ತೋಡಬೇಡಿ, ಅದನ್ನು ಅಡವಿಟ್ಟು ಸಾಲ ಪಡೆಯಬೇಡಿ. ತಿಳಿದೂ ಮಾಲೀಕರಂತೆ ನಡೆದುಕೊಂಡವರು ಕರಾರನ್ನು ಒಪ್ಪಿಕೊಂಡಂತೆ. ಅವರಿಗೆ ರದ್ದತಿಯನ್ನು ನ್ಯಾಯಾಲಯ ನಿರಾಕರಿಸಬಹುದು.

ಪ್ರಶ್ನೆ: ಹನುಮಂತನಗರದಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಲು ಕ್ರಯದ ಕರಾರು ಮಾಡಿಕೊಂಡು 10 ಲಕ್ಷ ರೂಪಾಯಿ ಮುಂಗಡ ಕೊಟ್ಟಿದ್ದೇನೆ. ಋಣಭಾರ ಪತ್ರ ನಿರ್ಮಲವಾಗಿತ್ತು. ಈಗ ನೋಡಿದರೆ ಮಾರುವವರ ಅಕ್ಕತಂಗಿಯರು ಪಾಲಿಗಾಗಿ ಹಾಕಿದ ದಾವೆ ಎರಡು ವರ್ಷದಿಂದ ನಡೆಯುತ್ತಿದೆ. ‘ನೀವು ಕೇಳಲಿಲ್ಲ, ನಾನು ಹೇಳಲಿಲ್ಲ, ಸುಳ್ಳನ್ನಂತೂ ಆಡಿಲ್ಲ’ ಎಂಬುದು ಅವರ ಉತ್ತರ. — ತ್ಯಾಗರಾಜನಗರದ ಓದುಗರು

ಉತ್ತರ: ಬೇರೆ ವಸ್ತುಗಳ ವ್ಯಾಪಾರದಲ್ಲಿ ಈ ಉತ್ತರ ಕೆಲವೊಮ್ಮೆ ನಡೆದೀತು. ಬರೀ ಮೌನ ವಂಚನೆಯಲ್ಲ, ಮಾತನಾಡುವ ಕರ್ತವ್ಯವಿದ್ದಲ್ಲಿ ಅಥವಾ ಮೌನವೇ ಮಾತಿಗೆ ಸಮನಾದಲ್ಲಿ ಮಾತ್ರ ಅದು ವಂಚನೆ ಎಂದು 17ನೇ ಕಲಮಿನ ವಿವರಣೆಯೇ ಹೇಳುತ್ತದೆ. ಆದರೆ ಸ್ಥಿರಾಸ್ತಿಯ ಮಾರಾಟದಲ್ಲಿ ಆ ಕರ್ತವ್ಯವನ್ನು ಕಾನೂನೇ ಮಾರುವವರ ಮೇಲೆ ಹೊರಿಸಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಇರುವ ಮಹತ್ವದ ದೋಷವು ತನಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದಿದ್ದು, ಅವರು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ್ದಾದರೆ, ಮಾರುವವನು ಅದನ್ನು ತಾನಾಗಿಯೇ ಹೇಳಬೇಕು. ಹೇಳದೆ ಬಿಟ್ಟರೆ ಅದು ವಂಚನೆ ಎಂದು ಆ ಕಲಮಿನ ಕೊನೆಯ ಸಾಲು ಸ್ಪಷ್ಟವಾಗಿ ನುಡಿಯುತ್ತದೆ.

ಹಾಗಾದರೆ ಈ ದಾವೆಯನ್ನು ನೀವು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಿತ್ತೇ? ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಪಾಲಿನ ದಾವೆ ನೋಂದಣಿಯಾಗುವ ವ್ಯವಹಾರವಲ್ಲ, ಹಾಗಾಗಿ ಅದು ಅಲ್ಲಿ ಕಾಣುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರಿನಿಂದ ಹುಡುಕಬಹುದು ನಿಜ. ಆದರೆ ‘ಕೃಷ್ಣಪ್ಪ’ ಎಂಬ ಹೆಸರಿನಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ದಾವೆಗಳನ್ನು ಒಮ್ಮೆ ಹುಡುಕಿ ನೋಡಿದವರಿಗೆ ಅದು ಎಷ್ಟರ ಮಟ್ಟಿಗೆ ಸಾಧಾರಣ ಎಚ್ಚರಿಕೆ ಎಂಬುದು ತಿಳಿಯುತ್ತದೆ. ಎದುರು ವಕೀಲರು ಈ ವಾದವನ್ನು ಮಾಡಿಯೇ ಮಾಡುತ್ತಾರೆ. ಮಾರುವವರು ತಾವೇ ಪ್ರತಿವಾದಿಯಾಗಿರುವ ದಾವೆಯನ್ನು ಮುಚ್ಚಿಟ್ಟ ಮೇಲೆ ಈ ವಾದಕ್ಕೆ ಬಲ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ದಯವಿಟ್ಟು ಈಗ ಕ್ರಯಪತ್ರ ಮಾಡಿಸಿಕೊಳ್ಳಲು ಹೋಗಬೇಡಿ. ಅದೇ ಕಾಯ್ದೆಯ 52ನೇ ಕಲಮಿನಂತೆ, ದಾವೆ ನಡೆಯುತ್ತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು, ದಾವೆಯ ವಿಷಯ ಅವರಿಗೆ ತಿಳಿದಿರಲಿ ಬಿಡಲಿ. ಹೆಣ್ಣುಮಕ್ಕಳ ಹಕ್ಕನ್ನು ಹಗುರವಾಗಿ ತೆಗೆದುಕೊಳ್ಳುವ ಕಾಲವೂ ಇದಲ್ಲ. ಒಟ್ಟುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, 2005ರಲ್ಲಿ ಅದು ದೇಶಕ್ಕೆಲ್ಲ ಬಂತು, ಆ ದಿನ ತಂದೆ ಬದುಕಿರಲಿ ಇಲ್ಲದಿರಲಿ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ‘ಅಕ್ಕತಂಗಿಯರು ಒಪ್ಪಿಕೊಳ್ಳುತ್ತಾರೆ, ನೀವು ನೋಂದಣಿ ಮಾಡಿಸಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ, ಅವರೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ ಎಂದು ಉತ್ತರಿಸಿ.

ಮುಂಗಡದ ವಿಷಯದಲ್ಲಿ ಮೊದಲು ಕರಾರನ್ನು ರದ್ದುಪಡಿಸಿದ್ದೇನೆಂದು ನೋಂದಾಯಿತ ಅಂಚೆಯಲ್ಲಿ ನೋಟಿಸು ಕೊಡಿ, ಕಾರಣವನ್ನು ಅದರಲ್ಲಿ ಬರೆಯಿರಿ. ಕೊಳ್ಳುವವರು ಮುಂಚಿತವಾಗಿ ಕೊಟ್ಟ ಹಣಕ್ಕೆ, ಮಾರುವವರಿಗೆ ಆ ಸ್ವತ್ತಿನಲ್ಲಿ ಎಷ್ಟು ಹಕ್ಕಿದೆಯೋ ಅಷ್ಟರ ಮೇಲೆ ಋಣಭಾರ ಇರುತ್ತದೆ ಎಂದು 55ನೇ ಕಲಮಿನ 6ನೇ ಉಪಕಲಂ ಹೇಳುತ್ತದೆ. ಅಂದರೆ ನೀವು ಭದ್ರತೆಯಿಲ್ಲದೆ ಸಾಲ ಕೊಟ್ಟವರಂತೆ ಬಾಗಿಲು ಕಾಯಬೇಕಾಗಿಲ್ಲ; ಅವರ ಪಾಲಿಗೆ ಬರುವ ಭಾಗವೇ ನಿಮ್ಮ ಹಣಕ್ಕೆ ಭದ್ರತೆ.

ಪ್ರಶ್ನೆ: ಸರ್ಜಾಪುರ ರಸ್ತೆಯಲ್ಲಿ ನಿವೇಶನ ಕೊಳ್ಳುವಾಗ ದಲ್ಲಾಳಿಯು ‘ಎರಡು ವರ್ಷದಲ್ಲಿ ಇಲ್ಲಿಗೆ ಮೆಟ್ರೊ ಬರುತ್ತದೆ, ಬೆಲೆ ದುಪ್ಪಟ್ಟಾಗುತ್ತದೆ, ಕಾವೇರಿ ನೀರಿನ ಸಂಪರ್ಕ ಆಗಲೇ ಮಂಜೂರಾಗಿದೆ’ ಎಂದಿದ್ದರು. ಮೂರೂ ಸುಳ್ಳಾದವು. ಮಾರಿದವರು ‘ಅದು ದಲ್ಲಾಳಿಯ ಮಾತು, ನನ್ನದಲ್ಲ’ ಎನ್ನುತ್ತಾರೆ. — ಕೋರಮಂಗಲದ ಓದುಗರು

ಉತ್ತರ: ಮೂರು ಮಾತುಗಳೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಬೆಲೆ ದುಪ್ಪಟ್ಟಾಗುತ್ತದೆ ಎಂಬುದು ಅಭಿಪ್ರಾಯ, ಮೆಟ್ರೊ ಬರುತ್ತದೆ ಎಂಬುದು ಊಹೆ. ನ್ಯೂಜಿಲೆಂಡಿನ ಜಮೀನೊಂದರಲ್ಲಿ 2,000 ಕುರಿಗಳನ್ನು ಸಾಕಬಹುದು ಎಂದು ಮಾರುವವರು ಹೇಳಿದ್ದ ಮಾತಿನ ಬಗ್ಗೆ ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ 1927ರಲ್ಲಿ ತೀರ್ಪು ಕೊಟ್ಟಿತು. ಆ ಜಮೀನನ್ನು ಅವರು ಕುರಿ ಸಾಕಣೆಗೆ ಬಳಸಿಯೇ ಇರಲಿಲ್ಲ, ಅದು ಕೊಳ್ಳುವವರಿಗೂ ಗೊತ್ತಿತ್ತು, ಆದ್ದರಿಂದ ಅದು ಅಂದಾಜು ಮಾತ್ರ, ತಪ್ಪು ನಿರೂಪಣೆಯಲ್ಲ ಎಂಬುದು ಅದರ ಸಾರ. ನಿಮ್ಮ ಮೊದಲ ಎರಡು ಮಾತುಗಳು ಆ ಕುರಿಗಳ ಸಾಲಿನವು. ಮೂರನೆಯದು ಹಾಗಲ್ಲ. ನೀರಿನ ಸಂಪರ್ಕ ‘ಆಗಲೇ ಮಂಜೂರಾಗಿದೆ’ ಎಂಬುದು ಆದ ಸಂಗತಿಯ ಹೇಳಿಕೆ, ಜಲಮಂಡಳಿಯ ಕಡತ ನೋಡಿ ಹೌದೋ ಅಲ್ಲವೋ ಹೇಳಬಹುದಾದದ್ದು. ದೂರು ಕೊಡುವುದಾದರೆ ಇದೊಂದನ್ನೇ ಹಿಡಿಯಿರಿ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಗಟ್ಟಿಯಾದದ್ದೂ ಜೊಳ್ಳಿನೊಂದಿಗೆ ತೂರಿಹೋಗುತ್ತದೆ.

ದಲ್ಲಾಳಿಯ ಮಾತು ತನ್ನದಲ್ಲ ಎನ್ನುವಂತಿಲ್ಲ. ಪ್ರತಿನಿಧಿಯು ತನ್ನ ಕೆಲಸದ ಅಂಗವಾಗಿ ಮಾಡಿದ ತಪ್ಪು ನಿರೂಪಣೆಯೂ ವಂಚನೆಯೂ, ನೇಮಿಸಿದವನೇ ಮಾಡಿದಷ್ಟು ಪರಿಣಾಮವನ್ನು ಕರಾರಿನ ಮೇಲೆ ಬೀರುತ್ತವೆ ಎಂದು ಕರಾರು ಕಾಯ್ದೆಯ 238ನೇ ಕಲಂ ಹೇಳುತ್ತದೆ. ಆದರೆ ಆ ದಲ್ಲಾಳಿ ಯಾರ ಪ್ರತಿನಿಧಿ? ನಮ್ಮ ಊರಿನಲ್ಲಿ ಒಬ್ಬರೇ ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ವಾಡಿಕೆ. ಮಾರಿದವರು ಅವರಿಗೆ ಹಣ ಕೊಟ್ಟ ದಾಖಲೆ ಅಥವಾ ಅವರ ಮೂಲಕವೇ ಮಾತುಕತೆ ನಡೆಸಿದ ಸಂದೇಶಗಳು ಇದ್ದರೆ ಅವನ್ನು ಜೋಪಾನ ಮಾಡಿ.

ಪ್ರಶ್ನೆ: ಕ್ರಯಪತ್ರದಲ್ಲಿ 1,200 ಚದರಡಿ ಎಂದಿದೆ. ಅಳೆಸಿದರೆ 1,080 ಮಾತ್ರ ಸಿಕ್ಕಿತು. ಮಾರಿದವರು ವಯಸ್ಸಾದವರು, ಅವರಿಗೂ ಇದು ಗೊತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. — ವಿಜಯನಗರದ ಓದುಗರು

ಉತ್ತರ: ಗೊತ್ತಿಲ್ಲದೆ ಆದ ತಪ್ಪೂ 18ನೇ ಕಲಮಿನೊಳಗೆ ಬರುತ್ತದೆ, ಮೋಸದ ಉದ್ದೇಶ ಅಲ್ಲಿ ಬೇಕಾಗಿಲ್ಲ. ಆದರೆ ಮೊದಲು ಚೆಕ್ಕುಬಂದಿಯನ್ನು ಓದಿ. ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿಗಳಿಗೂ ಅಳತೆಗೂ ಹೊಂದಾಣಿಕೆಯಾಗದಿದ್ದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಗಡಿಗಳನ್ನೇ ಎತ್ತಿಹಿಡಿಯುತ್ತವೆ. ಕೊರತೆಗೆ ಕಾರಣ ಪಕ್ಕದವರ ಒತ್ತುವರಿಯಾದರೆ ನಿಮ್ಮ ಜಗಳ ಮಾರಿದವರೊಂದಿಗಲ್ಲ, ಪಕ್ಕದವರೊಂದಿಗೆ. ನಿಜವಾಗಿಯೂ ಜಾಗವೇ ಕಡಿಮೆಯಿದ್ದರೆ, ಬಯಲು ನಿವೇಶನವನ್ನು ಅಳತೆಪಟ್ಟಿ ಹಿಡಿದು ನೋಡುವುದು ಸಾಧಾರಣ ಎಚ್ಚರಿಕೆಯೊಳಗೇ ಬರುತ್ತದೆ ಎಂಬ ಉತ್ತರವನ್ನು ನೀವು ಎದುರಿಸಬೇಕು. ಕಾಯ್ದೆಯೇ ಕೊಡುವ ಒಂದು ಉದಾಹರಣೆ ಇದಕ್ಕೆ ಹತ್ತಿರದ್ದು: ನೀಲಿಯ ಕಾರ್ಖಾನೆಯಲ್ಲಿ ವರ್ಷಕ್ಕೆ 500 ಮಣ ತಯಾರಾಗುತ್ತದೆ ಎಂದು ಮಾಲೀಕ ಹೇಳಿದ, ಕೊಳ್ಳುವವನು ಲೆಕ್ಕ ನೋಡಿದಾಗ 400 ಎಂದಿತ್ತು, ಆದರೂ ಕೊಂಡ, ಅವನು ಕರಾರನ್ನು ರದ್ದುಪಡಿಸಲಾರ. ಪ್ರತಿ ಚದರಡಿಗೆ ಇಷ್ಟೆಂದು ಬೆಲೆ ಕಟ್ಟಿದ್ದರೆ 120 ಚದರಡಿಯ ಹಣವನ್ನು ಮಾತುಕತೆಯಲ್ಲೇ ಕೇಳಿ ಪಡೆಯಿರಿ. ವಯಸ್ಸಾದವರನ್ನು ಇಷ್ಟಕ್ಕಾಗಿ ನ್ಯಾಯಾಲಯಕ್ಕೆ ಎಳೆಯುವುದು ನಿಮಗೂ ಖರ್ಚಿನ ಬಾಬತ್ತು.

ಪ್ರಶ್ನೆ: ನಮ್ಮ ತಾಯಿಗೆ 74 ವರ್ಷ, ಓದಲು ಬಾರದು. ‘ಮನೆಯ ಖಾತೆಯನ್ನು ನಿನ್ನ ಹೆಸರಿಗೆ ಮಾಡಿಸಬೇಕು’ ಎಂದು ಬಂಧುವೊಬ್ಬರು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಹಾಕಿಸಿದರು. ನಾಲ್ಕು ತಿಂಗಳ ಹಿಂದೆ ಅದು ಕ್ರಯಪತ್ರ ಎಂದು ತಿಳಿಯಿತು. ಹಣವನ್ನೇನೂ ಕೊಟ್ಟಿಲ್ಲ. ಅದೇ ಕಚೇರಿಯಲ್ಲಿ ರದ್ದು ಮಾಡಿಸಬಹುದೇ? — ಬಸವನಗುಡಿಯ ಓದುಗರು

ಉತ್ತರ: ಅಲ್ಲಿ ಆಗುವುದಿಲ್ಲ. ನೋಂದಣಿಯಾದ ಕ್ರಯಪತ್ರವನ್ನು ವಂಚನೆಯ ಆರೋಪದ ಮೇಲೆ ವಿಚಾರಿಸಿ ರದ್ದುಪಡಿಸುವ ಅಧಿಕಾರ ಉಪನೋಂದಣಾಧಿಕಾರಿಗೆ ಇಲ್ಲ, ಅದು ಸಿವಿಲ್ ನ್ಯಾಯಾಲಯದ ಕೆಲಸ. ತಾಯಿಯಿಂದ ಒಬ್ಬರದೇ ಸಹಿಯ ‘ರದ್ದತಿ ಪತ್ರ’ ಬರೆಸಿಕೊಡುತ್ತೇವೆ ಎನ್ನುವ ಪತ್ರಬರಹಗಾರರ ಮಾತನ್ನು ನಂಬಿ ಇನ್ನೊಂದು ತೊಡಕನ್ನು ತಂದುಕೊಳ್ಳಬೇಡಿ.

ನಿಮ್ಮ ತಾಯಿಯ ಪ್ರಕರಣಕ್ಕೆ ಬೇಕಾದ ಮುಖ್ಯ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು. ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಮಾನಿಸಿದ ಆ ಮೊಕದ್ದಮೆಯಲ್ಲಿ, ಹೆಂಡತಿಯೊಬ್ಬಳು ಗಂಡನಿಗೆ ಎರಡು ಜಮೀನುಗಳನ್ನು ದಾನ ಕೊಡಲು ಒಪ್ಪಿದ್ದಳು. ಗಂಡ ದಾನಪತ್ರದಲ್ಲಿ ಅವಳಿಗೆ ತಿಳಿಯದಂತೆ ಬೇರೆ ಊರಿನ ಇನ್ನೂ ಎರಡು ಜಮೀನುಗಳನ್ನು ಸೇರಿಸಿ ಸಹಿ ಪಡೆದಿದ್ದ. ನ್ಯಾಯಾಲಯ ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ಗುರುತಿಸಿತು. ಸಹಿ ಹಾಕುತ್ತಿರುವ ಪತ್ರ ಎಂಥದ್ದು ಎಂಬುದರಲ್ಲೇ ಮೋಸವಾಗಿದ್ದರೆ ಆ ಪತ್ರ ಹುಟ್ಟಿನಿಂದಲೇ ಶೂನ್ಯ. ಪತ್ರ ಎಂಥದ್ದೆಂದು ಗೊತ್ತಿದ್ದು ಒಳಗಿನ ವಿವರದಲ್ಲಿ ಮಾತ್ರ ಮೋಸವಾಗಿದ್ದರೆ ಅದು ರದ್ದುಪಡಿಸಬಹುದಾದ ಪತ್ರ ಮಾತ್ರ, ಗಡುವಿನೊಳಗೆ ರದ್ದುಪಡಿಸದಿದ್ದರೆ ನಿಂತುಬಿಡುತ್ತದೆ. ಆ ಹೆಂಗಸಿಗೆ ತಾನು ಸಹಿ ಹಾಕುತ್ತಿರುವುದು ದಾನಪತ್ರ ಎಂದು ಗೊತ್ತಿತ್ತು. ಮೋಸ ತಿಳಿದ ಮೇಲೂ ಬಹುಕಾಲ ಸುಮ್ಮನಿದ್ದಳು. ಅವಳಿಗೆ ಪರಿಹಾರ ಸಿಗಲಿಲ್ಲ. ಗಂಡನ ಮೇಲೆ ದಾವೆ ಹೂಡುವುದು ಆ ಕಾಲದ ಹಳ್ಳಿಯ ಹೆಣ್ಣಿಗೆ ಎಷ್ಟು ಸುಲಭವಿತ್ತು ಎಂದು ಆ ತೀರ್ಪನ್ನು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ. ಆದರೆ ಕಾಲಮಿತಿಯ ಕಾನೂನು ಅದನ್ನು ಕೇಳುವುದಿಲ್ಲ.

ಖಾತೆ ಬದಲಾವಣೆಯ ಅರ್ಜಿ ಎಂದು ನಂಬಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ನಿಮ್ಮ ತಾಯಿಯದು ಮೊದಲನೆಯ ಬಗೆಯದು. ಆದರೂ ‘ಶೂನ್ಯವಾದದ್ದನ್ನು ರದ್ದುಪಡಿಸುವುದೇನು’ ಎಂದು ಕೂರಬೇಡಿ. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯ ಅದನ್ನು ಎರಡನೆಯ ಬಗೆ ಎಂದು ಕಂಡರೆ 3 ವರ್ಷದ ಗಡುವು ಮುಖ್ಯವಾಗುತ್ತದೆ. ಆದ್ದರಿಂದ ಪತ್ರ ಶೂನ್ಯವೆಂದು ಘೋಷಿಸುವಂತೆಯೂ, ಪರ್ಯಾಯವಾಗಿ ಅದನ್ನು ರದ್ದುಪಡಿಸುವಂತೆಯೂ ಒಂದೇ ದಾವೆಯಲ್ಲಿ ಕೇಳಿ, ಜೊತೆಗೆ ಸ್ವತ್ತನ್ನು ಪರಭಾರೆ ಮಾಡದಂತೆ ತಡೆಯಾಜ್ಞೆ ಬೇಡಿ. ದಾವೆ ಹೂಡಿದ ದಿನದಿಂದ, ಮೇಲೆ ಹೇಳಿದ 52ನೇ ಕಲಂ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: ಆ ಬಂಧುವಿನಿಂದ ಮುಂದೆ ಕೊಳ್ಳುವವರೂ ತೀರ್ಪಿಗೆ ಬದ್ಧರಾಗುತ್ತಾರೆ. ಹಣ ಸಂದಾಯವಾಗಿದೆ ಎಂದು ಪತ್ರದಲ್ಲಿ ಬರೆದಿದ್ದರೆ ಹೇಗೆ ಸಂದಾಯವಾಯಿತು ಎಂಬುದನ್ನು ನೋಡಿ. ನಗದು ಎಂದಿದ್ದರೆ, ಬೇರೆ ಯಾವ ದಾಖಲೆಯೂ ಇಲ್ಲದಿದ್ದರೆ, ಅದು ನಿಮಗೆ ಅನುಕೂಲ.

ಪ್ರಶ್ನೆ: ದೊಡ್ಡ ಬಡಾವಣೆಯ ಕಿರುಹೊತ್ತಿಗೆಯಲ್ಲಿ ತೋರಿಸಿದ್ದ ಉದ್ಯಾನ ಈಗ ನಿವೇಶನಗಳಾಗಿ ಮಾರಾಟವಾಗುತ್ತಿದೆ. ಸಿವಿಲ್ ದಾವೆ ಹೂಡಬೇಕೇ? — ಯಲಹಂಕದ ಓದುಗರು

ಉತ್ತರ: ಬಡಾವಣೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿಯ ಪ್ರಾಧಿಕಾರದಲ್ಲಿ, ನೋಂದಣಿಯಾಗಿದ್ದರೆ ಬೇಡ, ಕರ್ನಾಟಕ ರೇರಾಕ್ಕೆ ಹೋಗಿ. 2016ರ ಆ ಕಾಯ್ದೆಯ 12ನೇ ಕಲಂ, ಜಾಹೀರಾತು ಅಥವಾ ಕಿರುಹೊತ್ತಿಗೆಯ ಸುಳ್ಳು ಮಾಹಿತಿಯನ್ನು ನಂಬಿ ಹಣ ಕಟ್ಟಿ ನಷ್ಟಕ್ಕೆ ಒಳಗಾದವರಿಗೆ ಪರಿಹಾರವನ್ನೂ, ಯೋಜನೆಯಿಂದ ಹಿಂದೆ ಸರಿಯುವುದಾದರೆ ಬಡ್ಡಿಸಮೇತ ಹಣವನ್ನೂ ಕೊಡಬೇಕೆನ್ನುತ್ತದೆ. ಜಮೀನಿನ ಹಕ್ಕಿನಲ್ಲೇ ದೋಷವಿದ್ದರೆ ಅದೇ ಕಾಯ್ದೆಯ 18ನೇ ಕಲಮಿನ ಪ್ರಕಾರ ಪರಿಹಾರ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಕಿರುಹೊತ್ತಿಗೆಯ ಮೂಲಪ್ರತಿಯನ್ನು ಎಸೆದಿಲ್ಲ ತಾನೆ?

ಪ್ರಶ್ನೆ: ಮಾತೆಲ್ಲ ವಾಟ್ಸಾಪಿನಲ್ಲೇ ನಡೆದಿದೆ, ಕ್ರಯಪತ್ರದಲ್ಲಿ ಅದರ ಸುಳಿವೂ ಇಲ್ಲ. ಇಂಥದ್ದನ್ನು ನ್ಯಾಯಾಲಯ ಒಪ್ಪುತ್ತದೆಯೇ? ಪೊಲೀಸರಿಗೆ ದೂರು ಕೊಡುವುದು ಮೇಲೇ? — ಮಲ್ಲೇಶ್ವರದ ಓದುಗರು

ಉತ್ತರ: ಬರವಣಿಗೆಯಲ್ಲಿರುವ ಕರಾರಿನ ಷರತ್ತುಗಳಿಗೆ ವಿರುದ್ಧವಾದ ಬಾಯಿಮಾತಿನ ಸಾಕ್ಷ್ಯಕ್ಕೆ ಅವಕಾಶವಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ವಂಚನೆಯನ್ನು ರುಜುವಾತುಪಡಿಸಲು ಆ ನಿಯಮ ಅಡ್ಡ ಬರುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 92ನೇ ಕಲಮಿನಲ್ಲಿದ್ದ ಈ ವಿನಾಯಿತಿ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 95ನೇ ಕಲಮಿನಲ್ಲಿ ಮುಂದುವರಿದಿದೆ. ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿಯನ್ನು ಹಾಜರುಪಡಿಸುವಾಗ ಅದೇ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಸಂದೇಶಗಳಿರುವ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ.

ಪೊಲೀಸ್ ದೂರಿನ ಬಗ್ಗೆ ಹೇಳುವುದಾದರೆ, 2024ರ ಜುಲೈ 1ರಿಂದ ವಂಚನೆಯ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿದೆ, ಅದಕ್ಕೂ ಹಿಂದಿನ ಘಟನೆಯಾದರೆ ಹಳೆಯ ದಂಡಸಂಹಿತೆಯ 420. ಎರಡರಲ್ಲೂ ಮಾತುಕತೆಯ ಹೊತ್ತಿಗೇ ಮೋಸದ ಉದ್ದೇಶ ಇತ್ತೆಂದು ತೋರಿಸಬೇಕು. ನಕಲಿ ಪತ್ರ ಸೃಷ್ಟಿಸಿದ್ದರೆ ದೂರು ಕೊಡಿ. ಬರೀ ಒತ್ತಡ ಹೇರಲು ಕೊಟ್ಟ ದೂರನ್ನು ಸಿವಿಲ್ ವಿವಾದವೆಂದು ಹೈಕೋರ್ಟ್ ರದ್ದುಪಡಿಸಿದರೆ, ಅದೇ ಆದೇಶವನ್ನು ಎದುರು ಪಕ್ಷದವರು ನಿಮ್ಮ ಸಿವಿಲ್ ದಾವೆಯಲ್ಲಿ ತಂದಿಡುತ್ತಾರೆ.

ದಾವೆಯನ್ನು ಬರೆಸುವಾಗ ‘ಪ್ರತಿವಾದಿಯು ವಾದಿಗೆ ಮೋಸ ಮಾಡಿದ್ದಾನೆ’ ಎಂಬ ಒಂದು ಸಾಲು ಸಾಲದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮವು ವಂಚನೆಯ ಮತ್ತು ತಪ್ಪು ನಿರೂಪಣೆಯ ಪೂರ್ಣ ವಿವರವನ್ನು ತಾರೀಖುಗಳೊಂದಿಗೆ ಕೇಳುತ್ತದೆ. ಯಾವ ದಿನ, ಯಾರು, ಯಾವ ಮಾತನ್ನು ಹೇಳಿದರು, ಆ ಮಾತು ಏಕೆ ಸುಳ್ಳು, ಅದನ್ನು ನಂಬಿ ನೀವು ಏನು ಮಾಡಿದಿರಿ, ಅದು ಸುಳ್ಳೆಂದು ಯಾವ ದಿನ ತಿಳಿಯಿತು ಎಂಬುದನ್ನು ವಕೀಲರ ಬಳಿಗೆ ಹೋಗುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.